ನೀತಿ ಸಂಹಿತೆ ಸರ

ಏಪ್ರಿಲ್ ಎರಡನೇ ವಾರ ಶಾಲೆಗೆ ಬೀಗ ಬಿದ್ದಿತೋ ಇಲ್ಲವೋ, ಹಿರೇಕೆರೂರಿನ ಲೈಟ್ ಕಂಬಗಳ ಮೇಲೆ ಹಳದಿ ಕಾಗದ ಅಂಟಿಕೊಳ್ಳುತ್ತದೆ. ‘ಮಕ್ಕಳ ಬೇಸಿಗೆ ಶಿಬಿರ. ಚಿತ್ರಕಲೆ, ನಾಟಕ, ಯೋಗ, ದೇಸಿ ಆಟ, ಸಂಸ್ಕಾರ.’ ಕೆಳಗೆ ದಪ್ಪಕ್ಷರದಲ್ಲಿ: ‘ವಿ.ಸೂ.: ಶಿಬಿರದಲ್ಲಿ ರಾಜಕೀಯಕ್ಕೆ ಅವಕಾಶವಿಲ್ಲ.’ ಈ ವಿ.ಸೂ. ಬರೆದವರೇ ನಮ್ಮ ಶಿಬಿರದ ಸಂಚಾಲಕರು. ಮಕ್ಕಳು ಇಟ್ಟ ಹೆಸರು ನೀತಿ ಸಂಹಿತೆ ಸರ.

ಇಂಥವರು ಹಾನಗಲ್ಲಿನಲ್ಲಿಯೂ ಇದ್ದಾರೆ, ಸವಣೂರು, ಶಿಗ್ಗಾವಿಯಲ್ಲಿಯೂ ಇದ್ದಾರೆ. ನಿವೃತ್ತ ಮುಖ್ಯೋಪಾಧ್ಯಾಯರು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು, ಕೊರಳಲ್ಲಿ ಸೀಟಿ. ಬೆಳಿಗ್ಗೆ ಆರರಿಂದ ಎಂಟರವರೆಗೆ ಬಸ್ ನಿಲ್ದಾಣದೆದುರಿನ ಚಹಾದಂಗಡಿಯಲ್ಲಿ ಪೇಪರ್ ಹಿಡಿದು ಕೂತರೆ ಅವರೇ ವಿರೋಧ ಪಕ್ಷದ ನಾಯಕ. ಆಡಳಿತ ಯಾರದೇ ಇರಲಿ. ಯಾರು ಎಲ್ಲಿಂದ ಎಲ್ಲಿಗೆ ಹಾರುತ್ತಾರೆ, ಯಾವ ಓಣಿಯ ಓಟು ಯಾರ ಡಬ್ಬಿಗೆ, ಎಲ್ಲ ಬೆರಳ ತುದಿಯಲ್ಲಿ. ಎಂಟೂಕಾಲಿಗೆ ಶಿಬಿರದ ಗೇಟಿನಲ್ಲಿ ಸೀಟಿ ಊದಿದರೆಂದರೆ ರಾಜಕೀಯ ಸನ್ಯಾಸ.

ಆದರೆ ಕ್ಯಾಲೆಂಡರೇ ಸರಗೆ ವಿರುದ್ಧ ನಿಂತಿದೆ. 2008, 2013, 2018, 2023: ಕರ್ನಾಟಕದ ವಿಧಾನಸಭೆಗೆ ನಾಲ್ಕು ಸಲವೂ ಮತದಾನ ನಡೆದದ್ದು ಮೇ ತಿಂಗಳಲ್ಲೇ. 2024ರ ಲೋಕಸಭೆಗೆ ಹಾವೇರಿ ಕ್ಷೇತ್ರ ಮತ ಹಾಕಿದ್ದೂ ಮೇ 7ಕ್ಕೆ. ಮಾವು, ಮದುವೆ, ಮತದಾನ, ಮಕ್ಕಳ ಶಿಬಿರ, ಎಲ್ಲಕ್ಕೂ ಒಂದೇ ತಿಂಗಳು. ಮನೆಯಲ್ಲಿ ಅಪ್ಪ, ಕಟ್ಟೆಯ ಮೇಲೆ ಅಜ್ಜ, ಟಿವಿಯಲ್ಲಿ ಇಡೀ ನಾಡು ಚುನಾವಣೆ ಮಾತಾಡುತ್ತಿರುವಾಗ, ಆಚೆ ಓಣಿಯಲ್ಲಿ ಮೈಕು ಕೂಗುತ್ತಿರುವಾಗ, ಮಕ್ಕಳು ಮಾತ್ರ ಲಗೋರಿ, ಗಾಳಿಪಟ ಅಂತ ಇರಬೇಕೆಂಬುದು ಸರ ಅವರ ವಾದ.

2023ರಲ್ಲಿ ಅವರ ಕಷ್ಟ ನೋಡುವಂತಿರಲಿಲ್ಲ. ಮಾರ್ಚ್ 29ಕ್ಕೆ ಚುನಾವಣೆ ಘೋಷಣೆಯಾಗಿ ನೀತಿ ಸಂಹಿತೆ ಜಾರಿಯಾಯಿತು; ಮತ ಎಣಿಕೆ ಮೇ 13ಕ್ಕೆ. ಅಧಿಕಾರಿಗಳು ಅದನ್ನು ಸರ್ಕಾರಿ ಕಚೇರಿಗಳಲ್ಲಿ ಜಾರಿ ಮಾಡಿದರೆ, ಸರ ಚಿತ್ರಕಲೆಯ ತರಗತಿಯಲ್ಲಿ ಜಾರಿ ಮಾಡಿದರು. ಮಾಸೂರಿನ ಹುಡುಗ ಮದಗದ ಕೆರೆ ಬರೆದು ನೀರಿನ ಮೇಲೊಂದು ಹೂ ಬಿಡಿಸಿದ. ಸರ ಓಡಿಬಂದರು.

‘ಏನಲೇ ಇದು?’

‘ತಾವರಿ ಹೂವು ಸರ.’

‘ಅಳಸು. ದಾಸವಾಳ ಬರಿ.’

‘ಕೆರಿಯಾಗ ದಾಸವಾಳ ಬೆಳೀತಾವ್ರಿ ಸರ?’

‘ಮೇ 13ರ ತನಕ ಬೆಳೀತಾವ.’

ಸಣ್ಣ ಮಕ್ಕಳಿಗೆಂದು ಬಣ್ಣದಲ್ಲಿ ಅಂಗೈ ಅದ್ದಿ ಅಚ್ಚು ಒತ್ತಿಸುವ ಕಾರ್ಯಕ್ರಮವಿತ್ತು. ಅದು ಅಲ್ಲಿಗೇ ರದ್ದು. ಚಿಕ್ಕೇರೂರಿನ ಹುಡುಗಿ ಹೊಲದಿಂದ ಸಿವುಡು ಹೊತ್ತು ಬರುವ ಅವ್ವನ ಚಿತ್ರ ಬರೆದಿದ್ದಳು. ಸರ ಆ ಹೊರೆ ಇಳಿಸಿದರು. ಅಂಗಳ ಗುಡಿಸುವ ಅಜ್ಜಿಯ ಕೈಯಿಂದ ಕಸಬರಿಗೆ ಕಸಿದರು. ತೆಂಗಿನಮರಕ್ಕೂ ತಕರಾರು ಬಂತು: 2013ರಲ್ಲಿ ಕರ್ನಾಟಕ ಜನತಾ ಪಕ್ಷದ ಗುರುತು ತೆಂಗಿನಕಾಯಿ, ನಮ್ಮ ಕ್ಷೇತ್ರದಲ್ಲಿ ಅದು ಗೆದ್ದದ್ದೂ ಉಂಟು. ‘ಮರ ಇರ್ಲಿ, ಕಾಯಿ ಕೆಡವು’ ಎಂದರು. ಕೊನೆಗೆ ಉಳಿದದ್ದು ಕನ್ನಡನಾಡಿನ ಸಕಲ ಮಕ್ಕಳೂ ಬರೆಯುವ ಒಂದೇ ಚಿತ್ರ: ಎರಡು ಗುಡ್ಡ, ನಡುವೆ ಹುಟ್ಟುವ ಸೂರ್ಯ. ಅದನ್ನು ನೋಡಿ ಸರ ಕ್ಷಣ ಬೆವೆತರು. ಆಮೇಲೆ ‘ಇದು ತಮಿಳುನಾಡಿನ ಪಾರ್ಟಿದು. ನಮ್ಮ ಕಡೆ ಬರೂದಿಲ್ಲ, ನಡೀತೈತಿ’ ಎಂದು ಅನುಮತಿ ಕೊಟ್ಟರು. ಆ ವರ್ಷ ಪ್ರದರ್ಶನದ ಗೋಡೆ ತುಂಬ ಸೂರ್ಯೋದಯ.

ಇತಿಹಾಸವನ್ನೂ ಸರ ಹೀಗೆಯೇ ಸೋಸಿ ಕೊಡುತ್ತಾರೆ. ರಸಪ್ರಶ್ನೆಯಲ್ಲಿ ‘ಹಾವೇರಿ ಜಿಲ್ಲೆ ಆಗಿದ್ದು ಯಾವಾಗ?’ ಎಂದು ಕೇಳಿ ‘1997’ ಎಂಬ ಉತ್ತರಕ್ಕೆ ಚಪ್ಪಾಳೆ ಹೊಡೆಸಿದರು. ‘ಆಗ ಜೆ.ಎಚ್. ಪಟೇಲರು ಮುಖ್ಯಮಂತ್ರಿ ಇದ್ರಂತ, ಅಜ್ಜ ಹೇಳ್ಯಾನ’ ಎಂದು ಒಬ್ಬ ಎದ್ದ ಕೂಡಲೇ ‘ಇಸವಿ ಸಾಕು, ಕೂಡು’ ಎಂದರು. ಸರ್ವಜ್ಞ ಅಬಲೂರಿನವನೋ ಮಾಸೂರಿನವನೋ ಎಂದು ಎರಡೂ ಊರಿನ ಮಕ್ಕಳು ತೋಳೇರಿಸಿದಾಗ ‘ಸರ್ವಜ್ಞ ನಮ್ಮ ಸೀಮಿಯಾಂವ’ ಎಂದು ರಾಜಿ ಮಾಡಿಸಿದರು. ಶಿಬಿರದ ನಾಟಕ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರದು. ಇಪ್ಪತ್ತು ತುಂಬುವ ಮೊದಲೇ 1930ರಲ್ಲಿ ಗಾಂಧೀಜಿಯ ಹಿಂದೆ ದಂಡಿಗೆ ನಡೆದು, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡೇಟಿಗೆ ಬಿದ್ದ ಹುತಾತ್ಮ. ಮಹಾದೇವಪ್ಪನ ಪಾತ್ರ ಮಾಡುತ್ತಿದ್ದ ಹುಡುಗನೇ ತಾಲೀಮು ನಿಲ್ಲಿಸಿ ಕೇಳಿದ: ‘ಸರ, ಇವರು ಮಾಡಿದ್ದು ರಾಜಕೀಯ ಹೌದೋ ಅಲ್ಲೋ?’

‘ಅದು ದೇಶಸೇವಾ. ರಾಜಕೀಯ ಅಂದ್ರ ಇನ್ನೂ ಜೀವಂತ ಇರೋರು ಮಾಡೂದು.’

ಇಷ್ಟಾದರೂ ಮಕ್ಕಳ ಬಾಯಿ ಕಟ್ಟಲು ಆಗಲಿಲ್ಲ. ಕಟ್ಟುವುದಾದರೂ ಹೇಗೆ, ಕ್ಷೇತ್ರವೇ ಅಂಥದ್ದು. 2018ರಲ್ಲಿ ಇಲ್ಲಿ ಕೈ ಗುರುತಿನಿಂದ ನಿಂತವರು ‘ಕೌರವ’ ಖ್ಯಾತಿಯ ನಟ ಬಿ.ಸಿ. ಪಾಟೀಲರು, ಕಮಲದಿಂದ ಯು.ಬಿ. ಬಣಕಾರರು. ಪಾಟೀಲರು ಗೆದ್ದದ್ದು 555 ಮತಗಳಿಂದ. 2023ರಲ್ಲಿ ಮತ್ತೆ ಅವರಿಬ್ಬರೇ ಎದುರುಬದುರು. ಆದರೆ ಕಮಲದಿಂದ ಪಾಟೀಲರು, ಕೈಯಿಂದ ಬಣಕಾರರು. ಇದನ್ನು ದೊಡ್ಡವರು ಅರಗಿಸಿಕೊಂಡಿದ್ದರು. ಮಕ್ಕಳಿಗೆ ಲೆಕ್ಕ ಸರಿಹೋಗಲಿಲ್ಲ. ಮಂಡಕ್ಕಿ ತಿನ್ನುವ ಹೊತ್ತಿಗೆ ಹಂಸಭಾವಿಯ ಹುಡುಗ ಕೋಡದ ಹುಡುಗನ ಮೇಲೆ ಬಿದ್ದ.

‘ನಿಮ್ಮಪ್ಪ ಪಾರ್ಟಿ ಬದ್ಲಿ ಮಾಡ್ಯಾನ!’

‘ನಮ್ಮಪ್ಪ ಬದ್ಲಾಗಿಲ್ಲ. ಅವಾಗ ಯಾರ ಹಿಂದ ಇದ್ನೋ ಈಗೂ ಅವರ ಹಿಂದನ ಅದಾನ. ಬದ್ಲಾಗಿದ್ದು ನಿಮ್ಮಪ್ಪ. ಹೋದ ಸಲ ಬೈದವರಿಗೆ ಈ ಸಲ ಹಾರ ಹಾಕ್ಯಾನ!’

‘ನಮ್ಮಪ್ಪ ಒಂದ ಗುರುತು ಹಿಡಿದಾನ. ಮನಿಷ್ಯಾರು ಬಂದು ಹೋಗ್ತಾರ, ಗುರುತು ಇರ್ತೈತಿ!’

ಇಬ್ಬರ ಅಪ್ಪಂದಿರೂ ಅಚಲ ನಿಷ್ಠರು, ಇಬ್ಬರೂ ಪಕ್ಷಾಂತರಿಗಳು. ನಿಷ್ಠೆ ಇರಬೇಕಾದದ್ದು ಮನುಷ್ಯನಿಗೋ ಗುರುತಿಗೋ ಎಂಬ ಪ್ರಶ್ನೆಯನ್ನು ರಾಜ್ಯಶಾಸ್ತ್ರದ ಪ್ರಾಧ್ಯಾಪಕರು ಒಂದು ಸೆಮಿಸ್ಟರ್ ಎಳೆದಾಡಬಹುದು. ಸರ ಸೀಟಿ ಊದಿದರು: ‘ಇಬ್ರೂ ಮೈದಾನ ಮೂರು ಸುತ್ತು ಓಡ್ರಿ.’ ಓಡುತ್ತಲೇ ಇಬ್ಬರೂ ವಾದ ಮುಂದುವರಿಸಿದರು. ಮೂರನೇ ಸುತ್ತಿಗೆ ಏದುಸಿರು ಬಂದು ಒಪ್ಪಂದಕ್ಕೂ ಬಂದರು: ತಪ್ಪು ಅಪ್ಪಂದಿರದಲ್ಲ, ನಿಂತವರದು.

ಮರುದಿನ ಲಗೋರಿಯಲ್ಲಿ ಈ ಪ್ರಶ್ನೆ ಕಾನೂನಾಗಿ ಬೆಳೆಯಿತು. ಸೋಲುತ್ತಿದ್ದ ತಂಡದ ಒಬ್ಬ ಆಟದ ನಡುವೆ ಸದ್ದಿಲ್ಲದೆ ಗೆಲ್ಲುವವರ ಕಡೆ ಹೋಗಿ ನಿಂತ. ಗದ್ದಲವೆದ್ದಿತು. ಸರ ಆಗ ಫ್ಲೆಕ್ಸ್ ಅಂಗಡಿಯವನ ಜೊತೆ ಫೋನಿನಲ್ಲಿದ್ದರಿಂದ ಮಕ್ಕಳೇ ಬೇವಿನ ಗಿಡದ ಕೆಳಗೆ ಸಭೆ ಕೂಡಿದರು. ‘ನಡುವ ತಂಡ ಬಿಟ್ಟಾಂವ ಈ ಆಟ ಮುಗಿಯೂತನಕ ಹೊರಗ ಕೂಡಬೇಕು’ ಎಂದು ತೀರ್ಮಾನವಾಯಿತು. ‘ಮತ್ತ ಆಡಬೇಕಂದ್ರ?’ ಎಂದ ಹೊರಗೆ ಕೂತವನು. ಚಿಕ್ಕೇರೂರಿನ ಹುಡುಗಿ ಯೋಚಿಸಿ ಹೇಳಿದಳು: ‘ಎಲ್ಲಾರೂ ಕೈ ಎತ್ತಿ ಹೂಂ ಅಂದ್ರ ಆಡಬಹುದು.’ ಕೈಗಳು ಎದ್ದವು, ಹುಡುಗ ಒಳಗೆ ಬಂದ. ಹೊಸ ತಂಡದ ಪರವಾಗಿಯೇ ಆಡಿದ.

ಇದೇ ಗಂಟು ಬಿಡಿಸಲು ಸಂಸತ್ತು 1985ರಲ್ಲಿ ಸಂವಿಧಾನಕ್ಕೆ 52ನೇ ತಿದ್ದುಪಡಿ ತಂದು ಹತ್ತನೇ ಅನುಸೂಚಿ ಸೇರಿಸಿತು. 2019ರ ಜುಲೈಯಲ್ಲಿ ಸ್ಪೀಕರ್ ರಮೇಶ್ ಕುಮಾರ್ ನಮ್ಮ ಶಾಸಕರೂ ಸೇರಿ 17 ಮಂದಿಯನ್ನು ಅನರ್ಹಗೊಳಿಸಿ, ಆ ವಿಧಾನಸಭೆಯ ಆಟ ಮುಗಿಯುವವರೆಗೆ ಹೊರಗೆ ಕೂಡಿಸಿದರು. ಅನರ್ಹತೆ ಸರಿ, ಆದರೆ ಮತ್ತೆ ಸ್ಪರ್ಧಿಸಬಹುದು ಎಂದು ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಹೇಳಿತು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಹಿರೇಕೆರೂರಿನ ಮತದಾರರು ಹೂಂ ಅಂದರು. ಪಾಟೀಲರು ಹೊಸ ತಂಡದಿಂದ ಒಳಗೆ ಬಂದರು. ಶಾಸಕಾಂಗ, ನ್ಯಾಯಾಂಗ, ಮತದಾರ ಮೂವರೂ ಸೇರಿ ಐದು ತಿಂಗಳು ತೆಗೆದುಕೊಂಡ ಕೆಲಸವನ್ನು ಬೇವಿನ ಗಿಡದ ಕೆಳಗೆ ಮಕ್ಕಳು ನೀರು ಕುಡಿಯುವ ಬಿಡುವಿನಲ್ಲಿ ಮುಗಿಸಿದ್ದರು. ಸರ ಫೋನಿಟ್ಟು ಬಂದು ಕೇಳಿದ್ದು ಒಂದೇ: ‘ರಾಜಕೀಯ ಗಿಜಕೀಯ ಮಾತಾಡ್ಲಿಲ್ಲ ಹೌದಿಲ್ಲೋ?’ ‘ಇಲ್ರಿ ಸರ’ ಎಂದು ಮಕ್ಕಳು ಒಕ್ಕೊರಲಿನಿಂದ ಹೇಳಿದರು. ರಾಜಕೀಯದ ಇನ್ನೊಂದು ಪಾಠವೂ ಅವರಿಗೆ ಆಗಿತ್ತು.

ಮುಂದಿನ ವರ್ಷ, 2024ರ ಫೆಬ್ರುವರಿಯಲ್ಲಿ, ಮಕ್ಕಳನ್ನು ಪ್ರಚಾರಕ್ಕೆ ಬಳಸಕೂಡದೆಂದು ಚುನಾವಣಾ ಆಯೋಗ ಪಕ್ಷಗಳಿಗೆ ಕಟ್ಟುನಿಟ್ಟಾಗಿ ಹೇಳಿದಾಗ ಸರ ಆ ಸುದ್ದಿ ಕತ್ತರಿಸಿ ಗೋಡೆಗೆ ಅಂಟಿಸಿದರು. ಚಿಕ್ಕೇರೂರಿನ ಹುಡುಗಿ ಅದನ್ನು ಎರಡು ಸಲ ಓದಿದಳು. ‘ಸರ, ಇದು ದೊಡ್ಡೋರಿಗೆ ಹೇಳಿದ್ದು. ಹುಡುಗರು ಮಾತಾಡಬಾರದು ಅಂತ ಎಲ್ಲೈತ್ರಿ?’ ಸರ ಕನ್ನಡಕ ಒರೆಸಿದರು. ‘ನಮ್ಮೂರಿಗೆ ಸಂಜಿ ಬಸ್ ಬರೂದಿಲ್ಲ. ಮಕ್ಕಳ ಗ್ರಾಮಸಭಾದಾಗ ಅದನ್ನ ಕೇಳಿದ್ರ ರಾಜಕೀಯನ್ರಿ?’ ಸರಗೆ ಈ ಪ್ರಶ್ನೆ ಹೊಸದಲ್ಲ. ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ನಡೆಸುವ ಮಕ್ಕಳ ಗ್ರಾಮಸಭೆಗೆ ಶಾಲೆಯ ಮಕ್ಕಳನ್ನು ತಯಾರು ಮಾಡಿ ಕಳಿಸಿದವರು ಅವರೇ. ಯಾರು ಏನು ಕೇಳಬೇಕೆಂದು ಚೀಟಿಯಲ್ಲಿ ಬರೆದೂ ಕೊಟ್ಟವರು. ಚೀಟಿಯಲ್ಲಿ ಇರುತ್ತಿದ್ದದ್ದು ‘ಗಿಡ ನೆಡಬೇಕು’, ‘ಸ್ವಚ್ಛತೆ ಕಾಪಾಡಬೇಕು’. ಗಿಡ ಯಾರ ವಿರುದ್ಧವೂ ಅಲ್ಲ ನೋಡಿ. ಬಸ್ಸಿಗೆ ಮಾತ್ರ ಒಬ್ಬ ಜವಾಬ್ದಾರ ಇರುತ್ತಾನೆ. ‘ಬಸ್ ಬೇಕು ಅಂದ್ರ ಬೇಡಿಕೆ, ಯಾಕ ಬಂದಿಲ್ಲ ಅಂದ್ರ ರಾಜಕೀಯ’ ಎಂದು ಸರ ಗೆರೆ ಎಳೆದರು.

2023ರ ಫ್ಲೆಕ್ಸಿನ ಕಥೆ ಹೇಳದಿದ್ದರೆ ಈ ಚಿತ್ರ ಅರ್ಧವೇ. ಸಮಾರೋಪ ಇಟ್ಟದ್ದು ಮೇ 14, ಎಣಿಕೆಯ ಮರುದಿನ ಭಾನುವಾರ. ದಿನಾಂಕ ಹೊಂದಿದ್ದು ಆಕಸ್ಮಿಕ ಎಂದು ಸರ ಇಂದಿಗೂ ಹೇಳುತ್ತಾರೆ. ಅಂಗಡಿಯವನ ಕಂಪ್ಯೂಟರಿನಲ್ಲಿ ಎರಡು ಫ್ಲೆಕ್ಸ್ ಸಿದ್ಧವಿದ್ದವು: ಸ್ವಾಗತದ ಸಾಲು ಒಂದೇ, ಸರ ಕೈಮುಗಿದ ಫೋಟೊ ಒಂದೇ, ನಡುವಿನ ದೊಡ್ಡ ಫೋಟೊ ಬೇರೆ ಬೇರೆ. 13ರ ಮಧ್ಯಾಹ್ನ ಫಲಿತಾಂಶ ಹೊರಬಿದ್ದಾಗ ಸರ ಫೋನಿನಲ್ಲಿ ಹೇಳಿದ್ದು ಎರಡೇ ಮಾತು: ‘ಎರಡನೇದ ಹೊಡಿ.’ ಆದರೆ ಗೆದ್ದ ಮರುದಿನ ಯಾರ ಕೈಗೂ ಶಾಸಕರು ಸಿಗುವುದಿಲ್ಲ. ಮುಖ್ಯ ಅತಿಥಿಯ ಕುರ್ಚಿ ಖಾಲಿ ಉಳಿಯಿತು.

ಆ ಖಾಲಿ ಹೊತ್ತು ತುಂಬಲು ಸರ ಶಿಬಿರದ ನಾಯಕನನ್ನು ‘ಅವಿರೋಧವಾಗಿ’ ಆರಿಸೋಣ ಎಂದರು. ಹೆಸರನ್ನೂ ತಾವೇ ಹೇಳಿದರು, ತಮ್ಮ ಮೊಮ್ಮಗನದು. ಮಕ್ಕಳು ಚುನಾವಣೆಯೇ ಬೇಕೆಂದು ಪಟ್ಟು ಹಿಡಿದರು. ಬಿಸ್ಕಿಟ್ ಡಬ್ಬಿ ಮತಪೆಟ್ಟಿಗೆಯಾಯಿತು, ಡ್ರಾಯಿಂಗ್ ಹಾಳೆ ಮತಪತ್ರ. ಗುರುತು ಬರೆಯುವಾಗ ಸರ ಅಡ್ಡ ಬರಲಿಲ್ಲ; 13 ದಾಟಿತ್ತಲ್ಲ. ಚಿಕ್ಕೇರೂರಿನ ಹುಡುಗಿ ಮೂರು ಮತಗಳಿಂದ ಗೆದ್ದಳು. ಸರ ಮರುಎಣಿಕೆ ಕೇಳಿದರು. ಮರುಎಣಿಕೆಯಲ್ಲಿ ಅಂತರ ನಾಲ್ಕಾಯಿತು.

ಸರ ಮೂಲೆಯಲ್ಲಿ ಕೂತು ಸೀಟಿಯ ದಾರ ಸುತ್ತತೊಡಗಿದರು. ಅಸಮಾಧಾನದ ಹೊಗೆ ಕಂಡ ಹೊಸ ನಾಯಕಿ ತನ್ನ ‘ಮಂತ್ರಿಮಂಡಲ’ದ ಜೊತೆ ಎರಡು ನಿಮಿಷ ಪಿಸುಗುಟ್ಟಿ, ಮೈಕು ಹಿಡಿದು ಮೊದಲ ಆದೇಶ ಹೊರಡಿಸಿದಳು: ‘ನಮ್ಮ ಸರ ಅವರನ್ನ ಶಿಬಿರ ಅಭಿವೃದ್ಧಿ ನಿಗಮದ ಅಧ್ಯಕ್ಷರನ್ನಾಗಿ ನೇಮಕ ಮಾಡೇವಿ.’ ಅಂಥ ನಿಗಮ ಇರಲಿಲ್ಲ. ಸರ ತಕ್ಷಣ ಎದ್ದು ಬಂದು ಹಾರ ಹಾಕಿಸಿಕೊಂಡರು.

ಮರುವರ್ಷದ ಹಳದಿ ಕಾಗದದಲ್ಲಿ ಅವರ ಹೆಸರಿನ ಕೆಳಗೆ ‘ಅಧ್ಯಕ್ಷರು, ಶಿಬಿರ ಅಭಿವೃದ್ಧಿ ನಿಗಮ’ ಎಂದು ಅಚ್ಚಾಗಿತ್ತು. ಅದರ ಕೆಳಗೆ ವಿ.ಸೂ., ಎಂದಿನ ದಪ್ಪಕ್ಷರದಲ್ಲೇ.