ಟೈಮ್ ಆಫೀಸ್ ತಾತನ ವೈಫೈ

ಕೆಜಿಎಫ್ ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನ ಯಾವ ಲೈನ್ ಮನೆಗಳ ಸಾಲಿಗೆ ಹೋದರೂ ಇಂಥ ಒಬ್ಬ ತಾತ ಸಿಕ್ಕೇ ಸಿಗುತ್ತಾರೆ. ನಮ್ಮ ಸಾಲಿನವರು ಗಣಿಯ ಟೈಮ್ ಆಫೀಸಿನಲ್ಲಿ ಗುಮಾಸ್ತರಾಗಿದ್ದವರು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದವರ ಹಾಜರಿಯನ್ನು ನೆಲದ ಮೇಲೆ ಕೂತೇ ಬರೆದವರು. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು, ತಾತನ ರಿಜಿಸ್ಟರ್ ಮುಚ್ಚಲಿಲ್ಲ. ಹಾಲಿನವನು ಬಂದ ಹೊತ್ತು, ಕರೆಂಟ್ ಹೋದ ಹೊತ್ತು, ಎದುರು ಮನೆಯ ಅಳಿಯ ಬಂದಿಳಿದ ಹೊತ್ತು, ಎಲ್ಲವೂ ಅದರಲ್ಲಿದೆ. ಅಳಿಯ ಹೋದ ಹೊತ್ತಿನ ಜಾಗ ಬಹಳ ದಿನ ಖಾಲಿ ಇತ್ತು.

2015ರಲ್ಲಿ ವಿಂಡೋಸ್ 10 ಬಂತು. ಬೆಂಗಳೂರಿನ ಮಗ ತಂದಿಟ್ಟ ಕಂಪ್ಯೂಟರಿಗೂ ಅದನ್ನೇ ಹಾಕಿಸಿದರು. ಅದರಲ್ಲಿ ‘ವೈಫೈ ಸೆನ್ಸ್’ ಅಂತ ಒಂದು ಸೌಲಭ್ಯ: ಔಟ್‌ಲುಕ್, ಸ್ಕೈಪ್, ಫೇಸ್‌ಬುಕ್ ಪರಿಚಯದವರು ಮನೆ ಹತ್ತಿರ ಬಂದರೆ ಪಾಸ್‌ವರ್ಡ್ ಕೇಳದೆಯೇ ಅವರ ಕಂಪ್ಯೂಟರಿಗೆ ನಮ್ಮ ವೈಫೈ ಸಿಗುತ್ತಿತ್ತು. ಸುದ್ದಿ ಕಿವಿಗೆ ಬಿದ್ದದ್ದೇ ತಡ, ತಾತ ಕೆಂಡವಾದರು.

“ನನ್ನ ಮನೇದನ್ನ ನನ್ನ ಕೇಳದೆ ಹಂಚೋಕೆ ಇದ್ಯಾವನಪ್ಪಾ?”

ಅಷ್ಟು ದಾನಶೂರವೇನೂ ಆಗಿರಲಿಲ್ಲ ಅದು. ಯಾವ ನೆಟ್‌ವರ್ಕ್ ಹಂಚಬೇಕೆಂದು ನಾವೇ ಒಪ್ಪಿಗೆ ಕೊಡಬೇಕಿತ್ತು. ಪಡೆದವರ ಕಣ್ಣಿಗೆ ಪಾಸ್‌ವರ್ಡ್ ಕಾಣುತ್ತಲೂ ಇರಲಿಲ್ಲ. ಇನ್ನು ತಾತನ ಸ್ಕೈಪಿನಲ್ಲಿ ಇದ್ದವರು ಇಬ್ಬರೇ: ಮಗ, ಇನ್ನೊಬ್ಬ ಎಲ್‌ಐಸಿ ಏಜೆಂಟ್. ಇದನ್ನೆಲ್ಲ ಹೇಳಿ ನೋಡಿದೆ. “ಏಜೆಂಟ್ ಬರಲ್ಲ ಅಂತೀಯಾ?” ಅಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಸೆಟ್ಟಿಂಗ್ಸ್, ನೆಟ್‌ವರ್ಕ್, ವೈಫೈ, ಅದರೊಳಗೆ ಮ್ಯಾನೇಜ್ ವೈಫೈ ಸೆಟ್ಟಿಂಗ್ಸ್ ಎಂದು ಒಂದೊಂದೇ ಮೆಟ್ಟಿಲಿಳಿದು ಗುಂಡಿಗಳನ್ನು ಆಫ್ ಮಾಡಿಕೊಟ್ಟೆ. ತಾತ ಪಕ್ಕದಲ್ಲಿ ನಿಂತು ಹೊತ್ತು ಬರೆದುಕೊಂಡರು. ಸಮಾಧಾನವಾಗಲಿಲ್ಲ. ವೈಫೈ ಹೆಸರಿನಲ್ಲೇ ಒಂದು ಅಡಿಗೆರೆ ಎಳೆದು ‘ಆಪ್ಟ್‌ಔಟ್’ ಎಂದು ಸೇರಿಸಿದರೆ ಯಾರ ವಿಂಡೋಸೂ ಹಂಚುವ ಹಾಗಿಲ್ಲ ಎಂದು ಬಾಯಿತಪ್ಪಿ ಹೇಳಿಬಿಟ್ಟೆ. ಅವತ್ತು ಸಂಜೆಯೇ ಸಾಲಿನ ಅಷ್ಟೂ ಫೋನುಗಳಲ್ಲಿ ‘ತಾತ_ಆಪ್ಟ್‌ಔಟ್’ ಕಾಣಿಸಿಕೊಂಡಿತು. ಬಂಗಾರಪೇಟೆಯಿಂದ ಕೊನೇ ರೈಲಿಗೆ ಬಂದ ಹುಡುಗನೊಬ್ಬ ನಿದ್ದೆಗಣ್ಣಲ್ಲಿ ‘ತಾತ ಔಟ್’ ಅಂತ ಓದಿಕೊಂಡು, ಚಪ್ಪಲಿ ಬಾಗಿಲಲ್ಲೇ ಬಿಟ್ಟು ಅಳುಮೋರೆ ಹೊತ್ತು ಒಳಗೆ ಬಂದ. ತಾತ ಅವನ ಹೊತ್ತನ್ನೂ ಬರೆದುಕೊಂಡರು.

ಇಷ್ಟು ಕೇಳಿ ಇವರು ಜಿಪುಣರು ಅಂದುಕೊಳ್ಳಬೇಡಿ. ಬೆಳಗಿನ ರೈಲಿಗೆ ಬೆಂಗಳೂರಿಗೆ ಓಡುವ ಹುಡುಗರು ರಾತ್ರಿ ಸಿನಿಮಾ ಇಳಿಸಿಕೊಳ್ಳುವುದು ಇವರ ಜಗಲಿಯಲ್ಲೇ. ಬಂದು “ತಾತಾ, ಸ್ವಲ್ಪ ವೈಫೈ” ಅನ್ನಬೇಕು, ಅಷ್ಟೇ. ಪಾಸ್‌ವರ್ಡ್ ತಾವೇ ಒತ್ತಿಕೊಡುತ್ತಾರೆ, ಕಾಫಿಯೂ ಸಿಗುತ್ತದೆ. ಜತೆಗೆ ಒಂದು ಪಾಠ ಉಚಿತ: “1902ರಲ್ಲೇ ಶಿವನಸಮುದ್ರದಿಂದ ಈ ಊರಿಗೆ ಕರೆಂಟ್ ಬಂತು ಕಣೋ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ಕ್ಕೆ. ನಾವು ಕೊಟ್ಟು ತಗೊಂಡು ಗೊತ್ತಿರೋರು!” ಕೇಳದೆ ಬಳಸಿದವನಿಗೆ ಮಾತ್ರ ಪಾಸ್‌ವರ್ಡ್ ಬದಲು.

2016ರಲ್ಲಿ ಮೈಕ್ರೋಸಾಫ್ಟ್ ಆ ಹಂಚಿಕೆಯನ್ನೇ ತೆಗೆದುಹಾಕಿತು. ಬಳಸುವವರು ಕಡಿಮೆ, ಖರ್ಚು ಹೆಚ್ಚು ಎಂಬುದು ಕಂಪನಿ ಕೊಟ್ಟ ಕಾರಣ. ತಾತನ ಪ್ರಕಾರ ಕಾರಣ ಅವರ ಅಡಿಗೆರೆ. ಅದು ಇವತ್ತಿಗೂ ಹೆಸರಿನಲ್ಲಿದೆ.

ಮೊನ್ನೆ ನನ್ನ ಡೇಟಾ ಮುಗಿದು ಅವರ ಜಗಲಿ ಹತ್ತಿದೆ. ರಿಜಿಸ್ಟರಿನಲ್ಲಿ ನನ್ನ ಹೆಸರಿನ ಮುಂದೆ ‘ಇನ್: 6.40’ ಅಂತ ಬರೆದರು. ಹೇಳದೆ ಎದ್ದು ಬಂದೆ. ‘ಔಟ್’ ಕಾಲಂ ಇನ್ನೂ ಖಾಲಿ ಇದೆಯಂತೆ, ಸಹಿ ಹಾಕಲು ಹೇಳಿಕಳಿಸಿದ್ದಾರೆ.