ಸೋಫಾ ಶಾಸನ ಮತ್ತು ನಖಕವಚ ವಿಚಾರ

ಕನ್ನಡ ನಾಡಿನವರು ಕಲ್ಲು ಕಂಡಲ್ಲೆಲ್ಲ ಶಾಸನ ಹಾಕಿಸಿದರು. ಬಿ. ಎಲ್. ರೈಸ್ ಸಾಹೇಬರು ಅವನ್ನು ಊರೂರು ಹುಡುಕಿಸಿ, ಓದಿಸಿ, 1886ರಿಂದ ಮೊದಲ್ಗೊಂಡು ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ವೀರಗಲ್ಲು, ಮಾಸ್ತಿಕಲ್ಲು, ನಿಸಿದಿಗಲ್ಲು, ತಾಮ್ರಪಟ ಎಲ್ಲಕ್ಕೂ ಅಲ್ಲಿ ಜಾಗ ಸಿಕ್ಕಿತು. ಒಂದು ಬಗೆ ಮಾತ್ರ ಆ ಮಹನೀಯರ ಕಣ್ಣಿಗೆ ಬೀಳಲಿಲ್ಲ. ಅದು ಸೋಫಾ ಶಾಸನ. ಆ ಕೊರತೆಯನ್ನು ತುಂಬುವ ವಿನಮ್ರ ಯತ್ನವೇ ಪ್ರಸ್ತುತ ಪ್ರಬಂಧ. ವಿನಮ್ರ ಎಂದದ್ದು ವಾಡಿಕೆಗೆ.

ಶಾಸನವಿರುವ ಸ್ಥಳ: ಬೆಂಗಳೂರು, ಮೂರನೇ ಮಹಡಿಯ ಫ್ಲ್ಯಾಟು, ನಡುಮನೆಯ ಸೋಫಾದ ಬಲಗೈ. ಮಾಧ್ಯಮ: ತಿಳಿಗಂದು ಬಟ್ಟೆ, ಒಳಗೆ ಸ್ಪಂಜು, ಆರು ಕಂತು ಬಾಕಿ. ಕಂಡರಿಸಿದ ರೂವಾರಿ: ಗುಂಡಮ್ಮ, ಬೂದು ಬಣ್ಣ, ವಯಸ್ಸು ಎರಡು. ಪಾಠವು ನಾಲ್ಕು ನಾಲ್ಕು ಗೆರೆಗಳ ಗುಂಪುಗಳಲ್ಲಿದೆ. ಬೆಕ್ಕಿಗೆ ಮುಂಗಾಲೊಂದಕ್ಕೆ ಉಗುರು ಐದು, ಹಿಂಗಾಲೊಂದಕ್ಕೆ ನಾಲ್ಕು, ಒಟ್ಟು 18. ಹೀಗಿರುತ್ತ ಗುಂಪಿಗೆ ಐದು ಗೆರೆ ಇರಬೇಕಲ್ಲ, ನಾಲ್ಕೇ ಏಕೆ ಎಂಬ ಪ್ರಶ್ನೆ ವಿದ್ವತ್ ವಲಯವನ್ನು, ಅಂದರೆ ನನ್ನನ್ನು, ಒಂದು ವಾರ ಕಾಡಿತು. ಐದನೆಯದು ಹೆಬ್ಬೆರಳಿನ ಹಾಗೆ ಕಾಲಿನ ಒಳಬದಿಯಲ್ಲಿ ಮೇಲೆಯೇ ಉಳಿದುಬಿಡುತ್ತದೆ, ನೆಲಕ್ಕೆ ತಾಗುವುದಿಲ್ಲ ಎಂದು ಕೊನೆಗೆ ಹೊಳೆಯಿತು. ಬಳಿಕ ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಿಂದ ತಟ್ಟಿ, ಮಸಿ ಸವರಿ ಶಾಸ್ತ್ರೋಕ್ತವಾಗಿ ಪಡಿಯಚ್ಚು ತೆಗೆದೆ. “ಅದು ಬಟ್ಟೆ ಹರೀತು, ನೀವು ಮಸಿ ಬಳಿದ್ರಿ. ಇಬ್ಬರಲ್ಲಿ ಯಾರನ್ನ ಹೊರಗೆ ಹಾಕ್ಲಿ ಹೇಳ್ರೀ?” ಎಂದು ಮನೆಯಾಕೆ ಕೇಳಿದ್ದು ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

ಪಾಠದ ಅರ್ಥವೇನು? ಬೆಕ್ಕು ಉಗುರು ಮಸೆಯುತ್ತದೆ ಎಂಬುದು ಲೋಕರೂಢಿಯ ಪೂರ್ವಪಕ್ಷ. ಅದು ಅರ್ಧ ನಿಜ. ಉಗುರು ಈರುಳ್ಳಿಯ ಹಾಗೆ ಪದರ ಪದರವಾಗಿದ್ದು, ಕೆರೆದಾಗ ಹಳೆಯ ಹೊರಪದರ ಕಳಚಿಕೊಂಡು ಒಳಗಿನ ಹೊಸ ಮೊನೆ ಹೊರಬೀಳುತ್ತದೆ. ಸೋಫಾದ ಬುಡದಲ್ಲಿ ಬಿದಿಗೆ ಚಂದ್ರನ ಆಕಾರದ ಅಂಥ ಪೊರೆಗಳು ದೊರೆತಿವೆ. ಉತ್ಖನನ ಪೊರಕೆಯಿಂದ ನಡೆಯಿತು. ನಿದ್ದೆಯಿಂದ ಎದ್ದು ಹೆಗಲು, ಬೆನ್ನು ಸೆಟೆಸಿ ಮೈಮುರಿಯುವುದಕ್ಕೂ ಕೆರೆತ ಬೇಕು. ಆದರೆ ಸಿದ್ಧಾಂತ ಇನ್ನೂ ಆಳದ್ದು. ಬೆಕ್ಕಿನ ಬೆರಳುಗಳ ನಡುವೆ ವಾಸನೆಯ ಗ್ರಂಥಿಗಳಿವೆ. ಗೆರೆ ಬಿದ್ದಲ್ಲಿ ವಾಸನೆಯೂ ಕೂರುತ್ತದೆ. ಅಂದಮೇಲೆ ಇದು ದತ್ತಿಶಾಸನವಲ್ಲದೆ ಇನ್ನೇನು? ಮೂಡಲು ಟಿ.ವಿ. ಸ್ಟ್ಯಾಂಡು, ತೆಂಕಲು ಚಪ್ಪಲಿ ಗೂಡು, ಪಡುವಲು ಕಿಟಕಿ, ಬಡಗಲು ಅಡುಗೆಮನೆಯ ಹೊಸಿಲು, ಈ ಚತುಸ್ಸೀಮೆಯೊಳಗಿನ ಸಮಸ್ತ ಭೂಮಿಯೂ ಮೆತ್ತೆ, ಮೀನು ಸಹಿತ ಗುಂಡಮ್ಮನಿಗೆ ಸರ್ವಮಾನ್ಯ. ಹಿಂದಿನವರು ಶಾಸನವನ್ನು ದೇವಸ್ಥಾನದ ಎದುರು ನಿಲ್ಲಿಸಿದಂತೆ ಇವಳು ಎಲ್ಲರೂ ಓಡಾಡುವ ನಡುಮನೆಯನ್ನೇ ಆರಿಸಿಕೊಂಡಿದ್ದಾಳೆ; ಯಾರೂ ಬಾರದ ಸ್ಟೋರ್ ರೂಮಿನಲ್ಲಿ ಸಾರಿ ಪ್ರಯೋಜನವಿಲ್ಲ. ನಾವು ಓದಬಲ್ಲದ್ದು ಗೆರೆಯನ್ನಷ್ಟೇ. ಮುಖ್ಯ ಪಾಠ ಮೂಗಿಗೆ ಬರೆದದ್ದು, ನಮ್ಮ ಮೂಗಿಗೆ ಆ ಲಿಪಿ ಬಾರದು.

ಶಾಸನನಾಶಕ್ಕೆ ಹೊರಟವಳು ಮನೆಯಾಕೆ. ಅವಳು ಆನ್‌ಲೈನಿನಲ್ಲಿ ತರಿಸಿದ ಪೊಟ್ಟಣದಲ್ಲಿ ನೇಲ್ ಕ್ಯಾಪ್‌ಗಳಿದ್ದವು: ಮೆತ್ತನೆಯ ವಿನೈಲಿನ ಟೊಳ್ಳು ಟೋಪಿಗಳು, ಗುಲಾಬಿ ಬಣ್ಣ, ಜತೆಗೊಂದು ಪುಟ್ಟ ಗಮ್ ಟ್ಯೂಬು. ಶಾಸ್ತ್ರಭಾಷೆಯಲ್ಲಿ ನಖಕವಚ. ತೀರ್ಥಹಳ್ಳಿಯಿಂದ ಬಂದಿದ್ದ ಅತ್ತೆಯವರು ಪೊಟ್ಟಣವನ್ನು ತಿರುಗಿಸಿ ಮುರುಗಿಸಿ ನೋಡಿ, “ಬೆಕ್ಕಿಗೆ ಟೋಪಿ ಹಾಕ್ಲಿಕ್ಕೆ ಹೊರಟಿದ್ದೀರಾ ಅಳಿಯಂದ್ರೇ?” ಎಂದರು. ‘ಟೋಪಿ ಹಾಕು’ ಎಂಬುದರ ವಾಚ್ಯಾರ್ಥ ಲಕ್ಷ್ಯಾರ್ಥಗಳೆರಡೂ ಏಕಕಾಲಕ್ಕೆ ಸಲ್ಲುವ ಪ್ರಯೋಗ ನನಗೆ ಬೇರೆಲ್ಲೂ ದೊರೆತಿಲ್ಲ. ಅದರಲ್ಲಿ ಕರ್ತೃ ಯಾರು, ಕರ್ಮ ಯಾರು ಎಂಬುದಷ್ಟೇ ಮುಂದೆ ಅದಲುಬದಲಾಯಿತು.

ಪ್ರಯೋಗವಿಧಿ ಹೀಗಿದೆ. ಬೆಕ್ಕು ತೂಕಡಿಸುವ ಹೊತ್ತು ನೋಡಿ ಕೂರಬೇಕು. ಉಗುರು ಒರೆಯಲ್ಲಿಟ್ಟ ಕತ್ತಿ. ಬೆರಳನ್ನು ಮೇಲೆ ಕೆಳಗೆ ಹಿಡಿದು ಮೆಲ್ಲಗೆ ಒತ್ತಿದರೆ ಹೊರಗೆ ಬರುತ್ತದೆ. ಮೊನೆಯನ್ನಷ್ಟೇ ಕತ್ತರಿಸಬೇಕು. ಒಳಗೆ ನಸುಗೆಂಪಾಗಿ ಕಾಣುವ ಜೀವದ ಭಾಗಕ್ಕೆ ಕತ್ತರಿ ತಾಗಿದರೆ ನೋವೂ ಉಂಟು, ರಕ್ತವೂ ಉಂಟು. ಆಮೇಲೆ ಅಳತೆಗೆ ಹೊಂದುವ ಟೋಪಿಯೊಳಗೆ ತುಸುವೇ ಗಮ್ ಬಿಟ್ಟು ತೊಡಿಸಬೇಕು. ಗಮ್ ಸೂಪರ್ ಗ್ಲೂ ಕುಲದ್ದು. ಹೆಚ್ಚಾದರೆ ಒಸರಿ ರೋಮಕ್ಕೆ ಮೆತ್ತಿಕೊಳ್ಳುತ್ತದೆ. ಪ್ರಸ್ತುತ ಸಂಶೋಧಕನ ತೋರುಬೆರಳಿಗೂ ಹೆಬ್ಬೆರಳಿಗೂ ಆ ದಿನ ಉಂಟಾದ ಗಾಢ ಸಂಬಂಧ ಸಂಜೆಯವರೆಗೆ ಬಿಡಲಿಲ್ಲ. ಅಂಟು ಒಣಗುವ ತನಕ, ಸುಮಾರು ಐದು ನಿಮಿಷ, ಬೆಕ್ಕನ್ನು ಮಡಿಲಲ್ಲಿ ಸಂತೈಸುತ್ತಿರಬೇಕು.

ಆ ಐದು ನಿಮಿಷದಲ್ಲಿ ದರ್ಶನಶಾಸ್ತ್ರ ಅಡ್ಡಬಂತು. ಶ್ರೀವೈಷ್ಣವರಲ್ಲಿ ಶರಣಾಗತಿಗೆ ಎರಡು ದೃಷ್ಟಾಂತಗಳಿವೆ. ತಾಯಿ ಕಚ್ಚಿ ಎತ್ತಿದಾಗ ಬೆಕ್ಕಿನ ಮರಿ ಸುಮ್ಮನೆ ಜೋತುಬಿದ್ದಿರುತ್ತದೆ. ಇದು ತೆಂಗಲೆಯವರ ಮಾರ್ಜಾಲ ನ್ಯಾಯ. ಕೋತಿಮರಿ ತಾನೇ ತಾಯಿಯನ್ನು ತಬ್ಬಿ ಹಿಡಿಯುತ್ತದೆ. ಇದು ವಡಗಲೆಯವರ ಮರ್ಕಟ ನ್ಯಾಯ. ಜಾತಿಯಿಂದ ಮಾರ್ಜಾಲವಾದ್ದರಿಂದ ಗುಂಡಮ್ಮ ಮೊದಲನೆಯದಕ್ಕೇ ನಿಷ್ಠಳಾಗಿರುವಳೆಂದು ನಂಬಿ ಕತ್ತಿನ ಹಿಂಬದಿಯ ತೊಗಲು ಹಿಡಿದೆ. ಅವಳು ಎರಡನೆಯದನ್ನು ಅವಲಂಬಿಸಿದಳು. ನನ್ನ ಮುಂಗೈಯನ್ನು ತಾನೇ ತಬ್ಬಿ ಹಿಡಿದಳು, ಹದಿನೆಂಟು ಉಗುರುಗಳಿಂದ. ಆಗಲೇ ಟೋಪಿ ತೊಟ್ಟಿದ್ದ ಮೂರನ್ನು ಕಳೆದರೆ ಹದಿನೈದರಿಂದ. ಸಂಶೋಧನೆಯಲ್ಲಿ ಲೆಕ್ಕ ತಪ್ಪಬಾರದು.

ಮೂರು ದಿನ, ಒಂದು ಟವೆಲು, ಅರ್ಧ ಕಿಲೋ ಮೀನು ಖರ್ಚಾಗಿ ಮುಂಗಾಲಿನ ಹತ್ತೂ ಉಗುರಿಗೆ ಕವಚಧಾರಣೆಯಾಯಿತು. ಕವಚದ ಬಾಳಿಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಹೊರಪದರ ಕಳಚುವಾಗ ಅದೂ ಜತೆಗೇ ಉದುರುತ್ತದೆ. ಗುಂಡಮ್ಮ ಕೆರೆಯುವುದನ್ನು ಒಂದು ದಿನವೂ ನಿಲ್ಲಿಸಲಿಲ್ಲ. ಉಳಿಗೆ ಬಟ್ಟೆ ಸುತ್ತಿದರೂ ಕೆಲಸಕ್ಕೆ ಬರುವ ರೂವಾರಿಯ ಹಾಗೆ ಬೆಳಗಾದರೆ ಸೋಫಾದ ಬಲಗೈಗೆ ಹಾಜರು. ಗೆರೆ ಬೀಳಲಿಲ್ಲ, ಬಟ್ಟೆ ಹರಿಯಲಿಲ್ಲ, ಮನೆಯಾಕೆ ಗೆದ್ದಳು. ವಾಸನೆ ಮಾತ್ರ ಎಂದಿನಂತೆ ಕೂರುತ್ತಲೇ ಇತ್ತು. ದತ್ತಿ ರದ್ದಾಗಿರಲಿಲ್ಲ, ಪ್ರತಿಯಷ್ಟೇ ನಮ್ಮ ಕೈಸೇರುತ್ತಿರಲಿಲ್ಲ. ಎರಡನೇ ವಾರ ಅವಳು ಒಂದೊಂದೇ ಟೋಪಿಯನ್ನು ಕಚ್ಚಿ ಕಿತ್ತು ಅಕ್ಕಿ ಡಬ್ಬದ ಹಿಂದೆ ಶೇಖರಿಸತೊಡಗಿದಳು. “ಮನೆಯೊಳಗೇ ಇರೋ ಬೆಕ್ಕಿಗಾದ್ರೆ ಸರಿ ಸಾರ್. ಹೊರಗೆ ಬಿಡೋದಾದ್ರೆ ಹಾಕ್ಲೇಬೇಡಿ. ನಾಯಿ ಅಟ್ಟಿಸ್ಕೊಂಡು ಬಂದ್ರೆ ಮರ ಹತ್ತೋಕೆ ಏನಿರತ್ತೆ ಅದಕ್ಕೆ?” ಎಂದರು ಪಶುವೈದ್ಯರು.

ಉಗುರನ್ನೇ ತೆಗೆಸಿಬಿಡಬೇಕೆಂಬ ಮತವೂ ಲೋಕದಲ್ಲಿದೆ. ಇಲ್ಲಿ ಅಣಕ ಬೇಡ. ಬೆಕ್ಕಿನ ಉಗುರು ತೆಗೆಯುವುದೆಂದರೆ ಪ್ರತಿ ಬೆರಳಿನ ಕೊನೆಯ ಮೂಳೆಯನ್ನೇ ಕತ್ತರಿಸುವುದು. ಅಮೆರಿಕದ ರಾಜ್ಯಗಳಲ್ಲಿ ಮೊದಲನೆಯದಾಗಿ ನ್ಯೂಯಾರ್ಕ್ 2019ರಲ್ಲಿ ಇದನ್ನು ನಿಷೇಧಿಸಿತು, ವೈದ್ಯಕೀಯ ಅಗತ್ಯವೊಂದನ್ನು ಬಿಟ್ಟು. ಅದರ ಮುಂದೆ ಗುಲಾಬಿ ಟೋಪಿ ಬರಿಯ ಮಾನಭಂಗ.

“ನಮ್ಮನೇಲಿ ಬೆಕ್ಕು ಅಡಿಕೆ ಮೂಟೆ ಕೆರೀತಿತ್ತು. ಯಾರೂ ಅದರ ಮೇಲೆ ಪುಸ್ತಕ ಬರೀಲಿಲ್ಲ” ಎಂದು ಅತ್ತೆಯವರು ತೆಂಗಿನ ನಾರಿನ ಹಗ್ಗ ತರಿಸಿ, ಹಳೆಯ ಮೇಜಿನ ಕಾಲಿಗೆ ಬುಡದಿಂದ ತುದಿಯವರೆಗೆ ಬಿಗಿಯಾಗಿ ಸುತ್ತಿ, ಮೇಜನ್ನು ಸೋಫಾದ ಬಲಗೈಗೇ ತಾಗಿಸಿ ನಿಲ್ಲಿಸಿದರು. ಮೇಜು ಅಲುಗುವುದಿಲ್ಲ, ಬೆಕ್ಕು ಹಿಂಗಾಲ ಮೇಲೆ ನಿಂತು ಮೈ ಪೂರ್ತಿ ಚಾಚುವಷ್ಟು ಎತ್ತರವೂ ಇದೆ. ಅರ್ಧ ಗಂಟೆಯ ಕೆಲಸ. ಯಾವ ಮೀಮಾಂಸೆಯೂ ಬೇಕಾಗಲಿಲ್ಲ. ನಾಲ್ಕನೇ ದಿನ ಗುಂಡಮ್ಮ ತನ್ನ ಶಾಸನವನ್ನು ಅಲ್ಲಿಗೆ ವರ್ಗಾಯಿಸಿದಳು.

ಹಳೆಯ ದತ್ತಿಶಾಸನಗಳ ಕೊನೆಗೆ ಶಾಪಾಶಯವಿರುತ್ತದೆ: ಕೊಟ್ಟ ಭೂಮಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂದು. ಸೋಫಾ ಶಾಸನದಲ್ಲಿ ಆ ಭಾಗ ಕಾಣದೆ ಬಹಳ ಹುಡುಕಿದ್ದೆ. ಅದು ನನ್ನ ಬಲ ಮುಂಗೈ ಮೇಲಿದೆ. ನಾಲ್ಕು ಸಾಲು, ಲಿಪಿ ಸ್ಫುಟ, ಕೊನೆಯ ಸಾಲು ತುಸು ತ್ರುಟಿತ. ಪಡಿಯಚ್ಚು ತೆಗೆಯೋಣವೆಂದು ಮಸಿ ಕೇಳಿದರೆ ಮನೆಯಾಕೆ ಡೆಟಾಲ್ ಕೊಟ್ಟಳು. ಮಂಗಳ ಮಹಾಶ್ರೀ.