ಹುಡುಗಿ ಒಪ್ಪಿದಳಾ?

ನಮ್ಮ ಚಿನಕುರಳಿ ಕಡೆ ಹೆಣ್ಣು ನೋಡುವ ಶಾಸ್ತ್ರ ಮುಗಿದು ಕಾರು ಬೀದಿ ದಾಟುತ್ತಿದ್ದಂತೆಯೇ ಅಕ್ಕಪಕ್ಕದವರು ಕೇಳುವ ಮೊದಲ ಮಾತು, "ಗಂಡಿನ ಕಡೇರು ಒಪ್ಪುದ್ರಾ?" ಎರಡನೆಯದು, "ಜಮೀನೆಷ್ಟು? ನಾಲೆ ನೀರು ಹತ್ತುತ್ತಾ?" ಕೊಡೋದು ತರೋದು, ಛತ್ರ, ಬೀಗರೂಟ ಎಲ್ಲ ಆಮೇಲೆ. "ಹುಡುಗಿ ಒಪ್ಪಿದಳಾ?" ಅಂತ ಬಾಯಿಬಿಟ್ಟು ಕೇಳುವುದನ್ನು ನಾನು ಕಂಡದ್ದು ಕಾದಂಬರಿಯಲ್ಲಿ, ಸಿನಿಮಾದಲ್ಲಿ, ಧಾರಾವಾಹಿಯಲ್ಲಿ. ಹೆಂಗಸರು ಅವಕ್ಕೆ ಯಾಕಿಷ್ಟು ಮುಗಿಬೀಳುತ್ತಾರೆ ಅಂತ ಗೊಣಗುವ ಗಂಡಸರಿಗೆ ಇಷ್ಟು ಉತ್ತರ ಸಾಕು. ಆದರೆ ಹರಟೆಗೆ ಸಾಲದು.

ಪಕ್ಕದ ಮನೆಯ ಅಕ್ಕನಿಗೆ ಸಂಜೆ ಆರೂವರೆ ಮೇಲೆ ಟೀವಿ ಬಿಟ್ಟು ಬೇರೆ ಲೋಕವಿಲ್ಲ. ಹಾಲು ಕರೆದು ಡೇರಿಗೆ ಹಾಕಿ ಬಂದು ಕೂತರೆ, ಮುದ್ದೆ ತಿರುವುವುದೂ ಜಾಹೀರಾತಿನ ಬಿಡುವಿನಲ್ಲೇ. ಬೆಳಿಗ್ಗೆ ದಾಸವಾಳದ ಬೇಲಿ ಹತ್ತಿರ ಬಂದಳೆಂದರೆ ಹಿಂದಿನ ರಾತ್ರಿಯ ಪೂರ್ತಿ ವರದಿ ಒಪ್ಪಿಸಿಯೇ ಕಸಬರಿಕೆ ಹಿಡಿಯುವುದು. 2019ರಲ್ಲಿ ಜೀ ಕನ್ನಡದಲ್ಲಿ 'ಜೊತೆ ಜೊತೆಯಲಿ' ಶುರುವಾಯಿತಲ್ಲ, ನಲವತ್ತೈದರ ಸಾಹುಕಾರ ಆರ್ಯವರ್ಧನ, ಇಪ್ಪತ್ತರ ಅನು ಸಿರಿಮನೆ. ಆಗ ಬೀದಿಯ ಹುಡುಗಿಯರೆಲ್ಲ ಆರ್ಯವರ್ಧನನಾಗಿದ್ದ ಅನಿರುದ್ಧರ ನರೆತ ಕೂದಲಿಗೆ ಮರುಳಾಗಿದ್ದರು. ಅಕ್ಕನ ಲೆಕ್ಕವೇ ಬೇರೆ.

"ನಮ್ ಕಾಲ್ದಲ್ಲಿ ಇಪ್ಪತ್ತು ವರ್ಸ ದೊಡ್ಡೋನ್ಗೆ ಕಟ್ಟಿ ಕಳುಸ್ತಿದ್ರು ಕಣವ್ವ. ಆಗ ಯಾರೂ ಅದುನ್ನ ಪ್ರೇಮ ಅನ್ನಲಿಲ್ಲ."

"ಮತ್ಯಾಕಕ್ಕ ಒಂದಿನಾನೂ ಬುಡದಂಗೆ ನೋಡ್ತೀಯ?"

"ಇವ್ಳು ತಾನಾಗೇ ಒಪ್ಕಂಡವ್ಳೆ. ಅದುಕ್ಕೆ."

ಅಕ್ಕನ ಈ ಹುಚ್ಚು ಟೀವಿಯಿಂದ ಬಂದದ್ದಲ್ಲ. ಅವಳ ಟ್ರಂಕಿನಲ್ಲಿ ಇವತ್ತಿಗೂ ಒಂದು ಕಟ್ಟು ಇದೆ. ವಾರಪತ್ರಿಕೆಗಳಿಂದ ಕಾದಂಬರಿಯ ಹಾಳೆಗಳನ್ನು ಕಿತ್ತು, ದಬ್ಬಳದಲ್ಲಿ ತೂತು ಮಾಡಿ, ಗೋಣಿದಾರದಲ್ಲಿ ಹೊಲಿದು, ಹಳೇ ಕ್ಯಾಲೆಂಡರಿನ ರಟ್ಟು ಹಾಕಿದ್ದು. ನಾಯಕಿ ಅಳುವ ಹಾಳೆಯ ಬೆನ್ನಿಗೆ ಸೋಪಿನ ಜಾಹೀರಾತು. ಮದುವೆ ಮುರಿದುಬಿದ್ದ ಹಾಳೆಯ ಬೆನ್ನಿಗೆ ಅರ್ಧಕ್ಕೇ ನಿಂತ ಹೀರೇಕಾಯಿ ಬಜ್ಜಿ. ನಡುವೆ ಒಂದು ಕಂತು ಇಲ್ಲವೇ ಇಲ್ಲ. ಅವಳ ಮಾವ ಅದರಲ್ಲಿ ಹೊಗೆಸೊಪ್ಪು ಸುತ್ತಿಕೊಂಡು ಗದ್ದೆಗೆ ಹೋದರಂತೆ. ಆ ಕಂತನ್ನು ಅಕ್ಕ ತಾನೇ ಕಟ್ಟಿ ಹೇಳುತ್ತಾಳೆ. ಒಂದೊಂದು ಸಲ ಹೇಳುವಾಗಲೂ ನಾಯಕಿಗೆ ವಸಿ ವಸಿ ಧೈರ್ಯ ಜಾಸ್ತಿಯಾಗಿರುತ್ತದೆ.

ಅದು 'ಸುಧಾ', 'ತರಂಗ' ಬರುವ ದಿನಕ್ಕೆ ಕಾದು ಕೂರುತ್ತಿದ್ದ ಕಾಲ. ಉಷಾ ನವರತ್ನರಾಂ, ಸಾಯಿಸುತೆ, ಎಚ್.ಜಿ. ರಾಧಾದೇವಿ ಅಂದರೆ ಹೆಂಗಸರಿಗೆ ನೆಂಟರ ಹೆಸರಿದ್ದ ಹಾಗೆ. ಕಾದಂಬರಿ ಓದಿ ಮುಗಿಸುವ ಹೊತ್ತಿಗೆ ಸಿನಿಮಾ ಬರುತ್ತಿತ್ತು: 1978ರಲ್ಲಿ 'ಹೊಂಬಿಸಿಲು', 1984ರಲ್ಲಿ 'ಬಂಧನ', 1986ರಲ್ಲಿ 'ಅನುರಾಗ ಅರಳಿತು'. 'ಬಂಧನ'ದಲ್ಲಿ ವಿಷ್ಣುವರ್ಧನ್ ಸತ್ತಾಗ ಅತ್ತವರು ನಮ್ಮ ಬೀದಿಯಲ್ಲಿ ಈಗಲೂ ಇದ್ದಾರೆ. ಕೇಳಿದರೆ, ಕಣ್ಣಿಗೆ ಧೂಳು ಬಿತ್ತು ಅನ್ನುತ್ತಾರೆ. ಅವರಲ್ಲಿ ಗಂಡಸರೂ ಉಂಟು.

ಈಗ ಅಕ್ಕನ ಮೊಮ್ಮಗಳ ಸರದಿ. ಮೈಸೂರಿನಲ್ಲಿ ಡಿಗ್ರಿ ಓದುವ ಹುಡುಗಿ. ಬಸ್ಸಿನಲ್ಲಿ ಮೊಬೈಲಿನ ಪ್ರತಿಲಿಪಿಯಲ್ಲಿ ಕಥೆ, ರಾತ್ರಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೊರಿಯಾದ ಧಾರಾವಾಹಿ. ಗಾಳಿಗೆ ಸಿಕ್ಕಿ ಗಡಿ ದಾಟಿ ಬಿದ್ದ ದಕ್ಷಿಣ ಕೊರಿಯಾದ ಸಿರಿವಂತೆಗೂ ಉತ್ತರ ಕೊರಿಯಾದ ಸೇನಾಧಿಕಾರಿಗೂ ಪ್ರೀತಿ ಹುಟ್ಟುವ ಕಥೆಯನ್ನು ಅಜ್ಜಿಗೂ ಹೇಳಿದ್ದಾಳೆ. ಅದಾದ ಮೇಲೆ ಜೆನ್ನಿ ಹಾನ್ ಎಂಬಾಕೆಯ 'ದಿ ಸಮ್ಮರ್ ಐ ಟರ್ನ್ಡ್ ಪ್ರೆಟಿ'. ಮೊದಲು ಪುಸ್ತಕ, 2022ರಿಂದ ಅಮೆಜಾನ್ ಪ್ರೈಮಿನಲ್ಲಿ ಧಾರಾವಾಹಿ. ಒಬ್ಬಳು ಹುಡುಗಿ; ಅವಳಿಗೆ ಅಣ್ಣನೋ ತಮ್ಮನೋ ಅಂತ ತೀರ್ಮಾನ ಆಗುವುದಿಲ್ಲ.

ಅಕ್ಕ ಬೇಲಿಗೆ ಬಂದು ಕೆನ್ನೆಗೆ ಕೈ ಕೊಟ್ಟಳು. "ಒಡಹುಟ್ಟಿದೋರ ಮಧ್ಯೆ ತಂದಿಕ್ಕುದ್ಲಲ್ಲವ್ವ! ಅವ್ರ ಮನೇಲಿ ದೊಡ್ಡೋರು ಅಂತ ಯಾರೂ ಇಲ್ವಾ?"

ಮಾರನೇ ದಿನ ಬೆಳಿಗ್ಗೆ ಅವಳೇ ಕೇಳಿದಳು: "ಕೊನೀಗೆ ಅಣ್ಣನ್ನೇ ಒಪ್ಕಂಡ್ಲಾ ಏನ್ಕತೆ?"

ಈ ಹುಚ್ಚನ್ನು ಕಂಡು ನಗುವವರಿಗೆ ನಮ್ಮ ನಾಲ್ಕು ತಾಲ್ಲೂಕಿನ ಹಣೆಬರಹವೇ ಗೊತ್ತಿಲ್ಲ. ಕೆ.ಆರ್. ಪೇಟೆಯ ಕಿಕ್ಕೇರಿಯಲ್ಲಿ 1915ರಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿ 1942ರಲ್ಲಿ 'ಮೈಸೂರು ಮಲ್ಲಿಗೆ' ಹೊರತಂದರು. ಕಟ್ಟಿಕೊಂಡ ಹೆಂಡತಿಯನ್ನೇ ಪ್ರೀತಿಸಬಹುದು, ಅದನ್ನು ಮಾವನ ಮನೆಯಲ್ಲೂ ಮುಚ್ಚಿಡಬೇಕಾಗಿಲ್ಲ ಅಂತ ನಾಡಿಗೆಲ್ಲ ಧೈರ್ಯ ಕೊಟ್ಟವರು ನಮ್ಮ ಕಡೆಯವರು. 'ಎರಡು ಕನಸು', 'ಶುಭಮಂಗಳ' ಬರೆದ ವಾಣಿ, ಅಂದರೆ ಬಿ.ಎನ್. ಸುಬ್ಬಮ್ಮನವರು, ಹುಟ್ಟಿದ್ದು ಶ್ರೀರಂಗಪಟ್ಟಣದಲ್ಲಿ. ಕಾದಂಬರಿಕಾರ್ತಿ ತ್ರಿವೇಣಿ ಬಿ.ಎಂ.ಶ್ರೀ.ಯವರ ಸೋದರನ ಮಗಳು. ಆ ಮನೆತನದ ಬೇರು ನಾಗಮಂಗಲದ ಬೆಳ್ಳೂರು. ಇನ್ನು ನಮ್ಮ ಪಾಂಡವಪುರ ತಾಲ್ಲೂಕು ಬರಿಗೈಯಲ್ಲಿದೆಯಾ ಅಂದರೆ, ಮೇಲುಕೋಟೆ ಇದೆ. ರಾಮಾನುಜರು ದೆಲ್ಲಿಯಿಂದ ಚೆಲುವನಾರಾಯಣನ ಉತ್ಸವಮೂರ್ತಿಯನ್ನು ತಂದಾಗ, ಅವನನ್ನು ಬಿಟ್ಟಿರಲಾರದೆ ಸುಲ್ತಾನನ ಮಗಳು ಹಿಂದೆಯೇ ಬಂದಳು ಎಂಬುದು ಅಲ್ಲಿನ ಐತಿಹ್ಯ. ಬೀಬಿ ನಾಚ್ಚಿಯಾರ್ ಅಂತ ಅವಳಿಗೆ ಸ್ವಾಮಿಯ ಪಾದದಲ್ಲೇ ಜಾಗ. "ಅಪ್ಪುನ್ನೂ ಕೇಳ್ನಿಲ್ಲ, ಊರ್ನೂ ಕೇಳ್ನಿಲ್ಲ, ಬಂದ್ಬುಟ್ಳು" ಅಂತ ಅಕ್ಕ ಹೇಳುವಾಗ, ಆ ದನಿಯಲ್ಲಿ ದೂರು ಎಷ್ಟು, ಮೆಚ್ಚುಗೆ ಎಷ್ಟು ಅಂತ ಬಿಡಿಸಿ ಹೇಳಲಾರೆ.

ತ್ರಿವೇಣಿಯವರ 'ಬೆಳ್ಳಿಮೋಡ'ದ ವಿಷಯದಲ್ಲಿ ಮಾತ್ರ ಅಜ್ಜಿಗೂ ಮೊಮ್ಮಗಳಿಗೂ ಜಗಳವೇ ಇಲ್ಲ. ಪುಟ್ಟಣ್ಣ ಕಣಗಾಲ್ 1967ರಲ್ಲಿ ಅದನ್ನು ತೆರೆಗೆ ತಂದರು, ಕಲ್ಪನಾ ನಾಯಕಿ. ಎಸ್ಟೇಟಿನ ಒಬ್ಬಳೇ ಮಗಳು ಇಂದಿರೆಯನ್ನು ಮದುವೆಯಾಗಲು ಮೋಹನ ಒಪ್ಪಿರುತ್ತಾನೆ. ಆಸ್ತಿಗೆ ಗಂಡು ವಾರಸುದಾರ ಹುಟ್ಟಿದ ತಕ್ಷಣ ಹಿಂದೆ ಸರಿಯುತ್ತಾನೆ. ಆಮೇಲೆ ಕಾಲು ಮುರಿದುಕೊಂಡು ಅದೇ ಮನೆಯಲ್ಲಿ ಬಿದ್ದಾಗ ಇಂದಿರೆಯೇ ಆರೈಕೆ ಮಾಡುತ್ತಾಳೆ. ಅವನ ಮನಸ್ಸು ಕರಗಿ ಮದುವೆಯ ಮಾತೆತ್ತಿದರೆ, ಇವಳು ಬೇಡ ಅನ್ನುತ್ತಾಳೆ. ಕೋಪವಿಲ್ಲ, ಸೇಡಿಲ್ಲ, ಬೇಡ ಅಷ್ಟೆ. ಮೊಮ್ಮಗಳು ಫೋನಿನಲ್ಲಿ ಸಿನಿಮಾ ನೋಡಿ ಮುಗಿಸಿ, "ಅಜ್ಜಿ, ಇದು ಆವಾಗಿಂದಾ?" ಅಂದಳಂತೆ. ಅಕ್ಕನಿಗೆ ತಾನೇ ಬರೆದಷ್ಟು ಹೆಮ್ಮೆ.

ಹಾಗಂತ ಎಲ್ಲವೂ ಸೊಗಸು ಅನ್ನಲು ನನಗೂ ಬಾಯಿ ಬರುವುದಿಲ್ಲ. ಗುರುವಾರ ಟಿಆರ್‌ಪಿ ಬರುತ್ತದೆ. ಅಂಕ ಏರಿದರೆ ಪ್ರೀತಿಯನ್ನು ಎಳೆಯುತ್ತಾರೆ, ಇಳಿದರೆ ಹಾಲಿನ ಲೋಟಕ್ಕೆ ವಿಷ ಹಾಕುತ್ತಾರೆ. ಹುಡುಗಿಯ ಮನಸ್ಸು ಕೇಳುವುದಕ್ಕೆ ಅರ್ಧ ಗಂಟೆ, ಅವಳನ್ನು ಅಳಿಸುವುದಕ್ಕೆ ವರ್ಷಗಟ್ಟಲೆ. ಮೊಬೈಲಿನ ಕಥೆಗಳಲ್ಲೋ ನಾಯಕನೆಂದರೆ ಕಂಪನಿಯ ಯಜಮಾನ, ಸಿಡುಕು ಮೋರೆ, ಕಾಗದದ ಮೇಲೆ ಕರಾರಿನ ಮದುವೆ. ಒಂದನ್ನು ಓದಿಸಿ ಕೇಳಿದ ಅಕ್ಕ, "ಈ ಕೋಟ್ಯಾಧೀಸ ಕಬ್ಬು ಕಡ್ಯಕ್ಕೆ ಬತ್ತಾನಾ?" ಅಂದಳು.

ನಗುವಿನ ಮಾತಾದರೂ ಅದರಲ್ಲಿ ನಮ್ಮ ಸೀಮೆಯ ಸಂಕಟ ಇದೆ. 'ಬಂಗಾರದ ಮನುಷ್ಯ'ದ ಕಾಲಕ್ಕೆ, 1972ರಲ್ಲಿ, ಮಣ್ಣು ಮೆತ್ತಿಕೊಂಡವನೇ ನಾಯಕ. ಈಗ ಬೇಸಾಯ ಮಾಡುವ ಹುಡುಗನಿಗೆ ಕಥೆಯಲ್ಲೂ ಹೆಣ್ಣಿಲ್ಲ, ಊರಲ್ಲೂ ಇಲ್ಲ. 2022ರಲ್ಲಿ ಆದಿಚುಂಚನಗಿರಿಯ ವಧುವರರ ಸಮಾವೇಶಕ್ಕೆ ಗಂಡುಗಳು ಸಾವಿರಗಟ್ಟಲೆ ಬಂದರು, ಹೆಣ್ಣುಗಳು ಬೆರಳೆಣಿಕೆಯ ನೂರು. ಮರುವರ್ಷ ಫೆಬ್ರವರಿಯಲ್ಲಿ ನಮ್ಮ ಜಿಲ್ಲೆಯ ಮದುವೆಯಾಗದ ಹುಡುಗರು ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆಯನ್ನೇ ಹೊರಟರು. ನಗಬೇಡಿ, ಅವರ ಕಷ್ಟ ಅವರದು. ಆದರೆ ಗಂಡಿನ ಕಡೆಯವರಿಗೂ ಹುಡುಗಿಯ ಮನಸ್ಸಿನ ಚಿಂತೆ ಹತ್ತಿತಲ್ಲ! ಕಾದಂಬರಿ ಓದುವ ಹೆಂಗಸರು ಅದನ್ನು ಎಷ್ಟೋ ವರ್ಷದಿಂದ ಕೇಳುತ್ತಲೇ ಇದ್ದರು. ಮನೆಯೊಳಗೆ ಕೇಳಲು ಧೈರ್ಯವಿಲ್ಲದೆ ಬೇಲಿಯ ಮೇಲೆ, ಇನ್ಯಾರದೋ ಹೆಸರಿನಲ್ಲಿ ಕೇಳುತ್ತಿದ್ದರು, ಅಷ್ಟೆ.

ಮೊನ್ನೆ ಅಕ್ಕ ದಂಟಿನ ಸೊಪ್ಪು ಬಿಡಿಸುತ್ತಾ ಶುರುಮಾಡಿದಳು. "ಆ ಹುಡ್ಗಿಗೆ ಮನ್ಸಿಲ್ದೇ ಇದ್ರೆ ಬಲವಂತ ಯಾಕ್ ಮಾಡ್ಬೇಕು ಯೋಳು? ಓದೋ ಹುಡ್ಗಿ. ಗಂಡು ಒಳ್ಳೇನೇ ಇರ್ಬೋದು, ನಾಕೆಕ್ರೆ ನೀರಾವ್ರಿನೂ ಇರ್ಬೋದು."

"ಯಾವ ಧಾರಾವಾಹಿ ಅಕ್ಕ?"

ಅಕ್ಕ ಮಾತಾಡಲಿಲ್ಲ. ಭಾನುವಾರ ನಾಗಮಂಗಲದ ಕಡೆಯಿಂದ ಮೊಮ್ಮಗಳನ್ನು ನೋಡಲು ಬರುತ್ತಾರೆ ಅನ್ನುವುದು ಬೀದಿಗೆಲ್ಲ ಗೊತ್ತಿತ್ತು. ನಾನೂ ಧಾರಾವಾಹಿಯ ಧಾಟಿಯಲ್ಲೇ ಅಂದೆ, "ತಟ್ಟೆ ಬದಲಾಯ್ಸೋಕೆ ಮುಂಚೆ ನಾಯಕಿನ ಒಂದ್ ಮಾತು ಕೇಳ್ಬೇಕು ಕಣಕ್ಕ."

"ನಾನೂ ಅದೇ ಅಂದಿದ್ದು. ಕೇಳುದ್ರೆ ಏನ್ ಗಂಟೋಯ್ತದೆ? ಅವ್ರಪ್ಪಂಗೆ ಯೋಳೋರ್ ಯಾರು?"

"ಅವರಪ್ಪ ರಾತ್ರಿ ನಿನ್ ಪಕ್ಕದಲ್ಲೇ ಕೂತು ನೋಡ್ತಾನಲ್ಲ. ಜಾಹೀರಾತು ಬಂದಾಗ ಹೇಳು."

"ಜಾಯಿರಾತು ಬರೋದೇ ಎಲ್ಡು ನಿಮ್ಸ ಕಣವ್ವ."

"'ಅವಳನ್ನೊಂದು ಮಾತು ಕೇಳು' ಅನ್ನೋಕೆ ಎರಡು ನಿಮಿಷ ಜಾಸ್ತಿನೇ ಆಯ್ತು ಬುಡಕ್ಕ."